ಬೇರು ಒಂದು ನಾಡಿನದು, ಹಣ್ಣು ಇನ್ನೊಂದು ನಾಡಿನದು

ದ್ರಾಕ್ಷಿ ಬಳ್ಳಿ ಎಷ್ಟು ವರ್ಷ ಬಾಳುತ್ತದೆ? ವಿಜಯಪುರದ ಬೆಳೆಗಾರರನ್ನು ಕೇಳಿದರೆ ಹನ್ನೆರಡರಿಂದ ಹದಿನೈದು ವರ್ಷ ಎಂದಾರು. ಸ್ಪೇನ್ ದೇಶದಲ್ಲಾದರೋ ನೂರು ದಾಟಿದ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ. ಅಲ್ಲಿನ ರಿಯೋಹಾ ಸೀಮೆಯ ಹಾರೊ ಪಟ್ಟಣದಲ್ಲಿ ಲೋಪೆಸ್ ದೆ ಎರೆದಿಯಾ ಮನೆತನ 1877ರಿಂದಲೂ ದ್ರಾಕ್ಷಿ ಬೆಳೆದು ಕೆಂಪು ವೈನ್ ತಯಾರಿಸುತ್ತ ಬಂದಿದೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಹವೆ. ಅಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಆ ವಿಶ್ರಾಂತಿ ಇಲ್ಲ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡಿ ಚಿಗುರಿಸುತ್ತೇವೆ. ದುಡಿತ ಹೆಚ್ಚು, ಆಯುಷ್ಯ ಕಡಿಮೆ.

ಯುರೋಪಿನ ತೋಟಗಳೂ ಒಮ್ಮೆ ಅಳಿವಿನ ಅಂಚಿಗೆ ಬಂದಿದ್ದವು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಫೈಲಾಕ್ಸೆರಾ ಎಂಬ ಕೀಟ ಅಲ್ಲಿಗೆ ಬಂತು. ಗಾತ್ರದಲ್ಲಿ ಚುಕ್ಕೆಯಷ್ಟು, ಆದರೆ ಬೇರಿನ ರಸ ಹೀರಿ ಫ್ರಾನ್ಸಿನ ತೋಟಗಳನ್ನೇ ಒಣಗಿಸಿತು. ಶತಮಾನದ ಕೊನೆಗೆ ರಿಯೋಹಾವನ್ನೂ ಮುಟ್ಟಿತು. ಪರಿಹಾರವೂ ಅಮೆರಿಕದಲ್ಲೇ ಇತ್ತು. ಅಲ್ಲಿನ ಕಾಡುದ್ರಾಕ್ಷಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತಿತ್ತು. ಆ ಬೇರುಗಿಡಕ್ಕೆ ಯುರೋಪಿನ ಬಳ್ಳಿಯ ಕಡ್ಡಿಯನ್ನು ಕಸಿ ಕಟ್ಟಿದರು. ಎರಡರ ಕ್ಯಾಂಬಿಯಂ ಪದರಗಳು ಒಂದಕ್ಕೊಂದು ತಾಗಿದರೆ ಕೋಶಗಳು ಬೆಳೆದು ಬೆಸೆದುಕೊಳ್ಳುತ್ತವೆ. ಬೇರು ನೀರು, ಲವಣ ಒದಗಿಸುತ್ತದೆ. ಹಣ್ಣಿನ ಜಾತಿ ಮಾತ್ರ ಮೇಲಿನ ಕಡ್ಡಿಯದೇ.

ನಮ್ಮ ನಾಡಿನಲ್ಲೂ 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳ ವೈನ್ ಉದ್ಯಮ ಆರಂಭಿಸಿದರು. ಪಾಲಕರು ಗಾಬರಿಯಾಗಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಸಸ್ಯಶಾಸ್ತ್ರ. ಆಲ್ಕೊಹಾಲಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳು ಅದನ್ನೂ ತಿಳಿದಿರಲಿ.

ವಿಜಯಪುರದ ಕಡೆ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್ ಬೇರುಗಿಡಕ್ಕೆ ಥಾಮ್ಸನ್ ಸೀಡ್‌ಲೆಸ್ ತಳಿಯನ್ನು ಕಸಿ ಕಟ್ಟುತ್ತಾರೆ. ಅಲ್ಲಿ ಕಾರಣ ಕೀಟವಲ್ಲ. ಬರ ಮತ್ತು ಸವುಳು. ಬರವನ್ನೂ ಉಪ್ಪನ್ನೂ ಒಂದು ಮಿತಿಯವರೆಗೆ ಈ ಬೇರು ಸಹಿಸುತ್ತದೆ.

ಈ ಮಾತು ಸಿಂಧನೂರು ಸೀಮೆಯವರಾದ ನಮಗೆ ಬಹಳ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆ ಭತ್ತ ಕೊಟ್ಟಿತು. ನೀರು ಬಸಿಯದ ಕಡೆ ಸವುಳನ್ನೂ ಕೊಟ್ಟಿತು. ನಿಂತ ನೀರು ಮಣ್ಣಿನೊಳಗಿನ ಗಾಳಿಯನ್ನು ಹೊರದೂಡುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಲವಣ ಮೇಲೆ ಉಳಿಯುತ್ತದೆ. ಇದಕ್ಕೆ ಯಾವ ಕಸಿಯೂ ಪೂರ್ತಿ ಮದ್ದಲ್ಲ. ಮೊದಲು ಬಸಿಗಾಲುವೆ ಬೇಕು.

ವಿದ್ಯಾರ್ಥಿಗಳೇ, ಈ ಬೇಸಿಗೆಯಲ್ಲಿ ನಿಮ್ಮ ಹೊಲದ ತಗ್ಗು ಭಾಗದಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಂಡರೆ ತಂದೆಯವರಿಗೆ ಹೇಳಿ, ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಪರೀಕ್ಷೆಗೆ ಒಯ್ಯಿರಿ. ಮನೆತನದ ತೋಟ ನೂರು ವರ್ಷ ಬಾಳಬೇಕಾದರೆ ಬೇರಿನ ಕೆಳಗಿನ ಮಣ್ಣು ಅದಕ್ಕಿಂತ ಹೆಚ್ಚು ಬಾಳಬೇಕು.