ನರ್ಸಿಂಗ್ ಓದಿಗೆ ಮುನ್ನ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟು ಮುಗಿಸಿ ಬಿ.ಎಸ್ಸಿ. ನರ್ಸಿಂಗಿಗೆ ಹೊರಟ ಕಾಸರಗೋಡಿನ ನಮ್ಮ ಹೆಣ್ಣುಮಕ್ಕಳನ್ನು ಮೊದಲು ಅಂಜಿಸುವುದು ವಿಜ್ಞಾನದ ಪಠ್ಯಗಳೇ. ಅಂಜಿ ಓದನ್ನು ನಡುವೆಯೇ ಬಿಟ್ಟು ಬಂದವರೂ ಉಂಟು. ಮೊದಲ ಸೆಮಿಸ್ಟರಿನಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಎರಡನೆಯದರಲ್ಲಿ ಜೀವರಸಾಯನಶಾಸ್ತ್ರ, ಮೂರನೆಯದರಲ್ಲಿ ಸೂಕ್ಷ್ಮಜೀವಿಶಾಸ್ತ್ರ. ಎಲ್ಲವೂ ಇಂಗ್ಲಿಷಿನಲ್ಲಿ.

ಆದರೆ ಹೊಸತೆಂದು ತೋರುವುದರಲ್ಲಿ ಹೆಚ್ಚಿನವು ಬರಿಯ ಹೆಸರುಗಳು. ಅವುಗಳನ್ನು ಬಿಡಿಸಿ ನೋಡುವ ಅಭ್ಯಾಸವನ್ನು ಪ್ರವೇಶಕ್ಕೆ ಮೊದಲೇ ಮಾಡಿಕೊಳ್ಳಬೇಕು. ‘ಐಟಿಸ್’ ಎಂದರೆ ಉರಿಯೂತ; ‘ಹೆಪಟೊ’ ಯಕೃತ್ತು, ‘ಗ್ಯಾಸ್ಟ್ರೊ’ ಜಠರ, ‘ನೆಫ್ರೊ’ ಮೂತ್ರಪಿಂಡ. ಇಷ್ಟನ್ನು ಬಲ್ಲವಳಿಗೆ ನೆಫ್ರೈಟಿಸ್ ಎಂದರೇನೆಂದು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಸಂಧಿ ಬಿಡಿಸುತ್ತ ಬೆಳೆದ ಮಕ್ಕಳಿಗೆ ಇದೇನು ಅಪರಿಚಿತ ವಿದ್ಯೆಯೇ? ಶಾಲೆಯ ಕನ್ನಡ ವಿಜ್ಞಾನ ಪುಸ್ತಕವನ್ನು ರದ್ದಿಗೆ ಹಾಕದೆ, ಅದರಲ್ಲಿನ ಹೃದಯದ ಚಿತ್ರವನ್ನು ಬರೆದು, ಭಾಗಗಳನ್ನು ಎರಡು ಭಾಷೆಗಳಲ್ಲಿಯೂ ಹೆಸರಿಸಲಿ. ಬಲ ಹೃತ್ಕರ್ಣಕ್ಕೆ ಬಂದ ರಕ್ತವು ಶ್ವಾಸಕೋಶವನ್ನು ಹಾದು ಮಹಾಪಧಮನಿಯನ್ನು ಸೇರುವ ದಾರಿಯನ್ನು ತಾಯಿಯ ಮುಂದೆ ಕನ್ನಡದಲ್ಲಿ ವಿವರಿಸಲಿ; ಅರ್ಥವಾದದ್ದೆಷ್ಟು ಎಂಬುದು ಆಗ ತಾನಾಗಿಯೇ ಹೊರಬೀಳುತ್ತದೆ.

ಗಣಿತವನ್ನಂತೂ ಅಲಕ್ಷಿಸಲಾಗದು. ದಶಮಾಂಶದ ಚುಕ್ಕಿ ಒಂದು ಸ್ಥಾನ ಸರಿದರೆ ಔಷಧದ ಪ್ರಮಾಣ ಹತ್ತು ಪಟ್ಟಾದೀತು. 500 ಮಿ.ಲೀ. ಡ್ರಿಪ್ 5 ಗಂಟೆಗಳಲ್ಲಿ ಮುಗಿಯಬೇಕು, ಮಿ.ಲೀ.ಗೆ 15 ಹನಿ ಬೀಳುವ ನಳಿಕೆಯಾದರೆ ನಿಮಿಷಕ್ಕೆ ಎಷ್ಟು ಹನಿ? ಉತ್ತರ 25. ಇಂತಹ ನಾಲ್ಕು ಲೆಕ್ಕಗಳನ್ನು ಮನೆಯ ಹಿರಿಯರೇ ದಿನವೂ ಕೊಡಬಹುದು.