ದೊಡ್ಡ ಗಾಡಿಯ ಕೀ ನಿಮ್ಮ ಕೈಗೂ ಬರಲಿ

‘ರೀ, ಇವತ್ತು ನಾನು ಓಡಿಸ್ಲಾ?’

‘ಇದೇನು ನಿನ್ನ ಸ್ಕೂಟಿ ಅಂದ್ಕೊಂಡ್ಯಾ? ಇಷ್ಟು ದೊಡ್ಡ ಗಾಡಿ ನಿನ್ನ ಕೈಲಿ ಆಗಲ್ಲ, ಸುಮ್ನೆ ಕೂತ್ಕೊ.’

ರೇಂಜ್ ರೋವರ್‌ನಂಥ ಗಾಡಿ ಬಂದ ಮನೆಯಲ್ಲಿ ಈ ಮಾತು ಕೇಳಿಸದಿದ್ದರೇ ಆಶ್ಚರ್ಯ. ಹೊಸ ಗಾಡಿಗೆ ಕುಂಕುಮ ಹಚ್ಚುವುದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು, ಮಗು ಸೀಟಿನ ಮೇಲೆ ಚೆಲ್ಲಿದ ಹಾಲು ಒರೆಸುವುದು ಎಲ್ಲ ನಮ್ಮ ಪಾಲು. ಸ್ಟಿಯರಿಂಗ್ ಮಾತ್ರ ಅವರದು! ‘ಕೋಟಿ ಬೆಲೆಯ ಗಾಡಿ ನಮ್ಮನೇಲಿ ಎಲ್ಲಿ ಬಂತು?’ ಅಂತ ಪುಟ ತಿರುಗಿಸಬೇಡಿ. ಸ್ಕಾರ್ಪಿಯೊ, ಥಾರ್, ಇನ್ನೋವಾ ಇರುವ ಮನೆಗಳಲ್ಲೂ ಕಥೆ ಇದೇ.

ನನ್ನ ಅಭಿಪ್ರಾಯ ಇಷ್ಟೇ. ಇಂಥ ಗಾಡಿಯಲ್ಲಿ ಕೂರುವ ಸುಖ ಅರ್ಧ ಮಾತ್ರ. ಇನ್ನರ್ಧ ಓಡಿಸುವುದರಲ್ಲಿದೆ. ಆ ಅರ್ಧವನ್ನು ನಾವು ಬಾಯಿ ಬಿಟ್ಟು ಕೇಳಬೇಕು.

ಪೈಪ್ ಹಿಡಿದು ತೊಳೆಯುವ ಕಾರು

ಈ ಗಾಡಿ ಶೋಕಿಗಾಗಿ ಹುಟ್ಟಿದ್ದಲ್ಲ. ಬ್ರಿಟನ್ನಿನ ರೋವರ್ ಕಂಪನಿ 1948ರಲ್ಲಿ ಹೊಲ-ತೋಟದ ಕೆಲಸಕ್ಕೆಂದು ಲ್ಯಾಂಡ್ ರೋವರ್ ಹೊರತಂದಿತು. ಗಟ್ಟಿಮುಟ್ಟೇನೋ ಸರಿ, ಆದರೆ ದೂರದ ಪ್ರಯಾಣಕ್ಕೆ ಕೂತವರ ಸೊಂಟದ ಗತಿ ದೇವರಿಗೇ ಪ್ರೀತಿ. ಹೊಲಕ್ಕೂ ಇಳಿಯಬೇಕು, ಪೇಟೆಗೂ ಆರಾಮಾಗಿ ಹೋಗಬೇಕು ಅಂತ ಎಂಜಿನಿಯರ್ ಸ್ಪೆನ್ ಕಿಂಗ್ ಮತ್ತು ಅವರ ತಂಡದವರು ರೂಪಿಸಿದ್ದೇ 1970ರ ರೇಂಜ್ ರೋವರ್.

ಮೊದಲ ಗಾಡಿಗಳಲ್ಲಿ ಚರ್ಮದ ಸೀಟು, ಕಾರ್ಪೆಟ್ಟು ಏನೂ ಇರಲಿಲ್ಲ. ಒಳಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಕೆಸರಾದರೆ ನಮ್ಮ ಬಚ್ಚಲುಮನೆ ತೊಳೆದ ಹಾಗೆ ನೀರು ಬಿಟ್ಟು ತೊಳೆಯಬಹುದಿತ್ತು! ನಾಲ್ಕು ಬಾಗಿಲು ಬಂದದ್ದು 1981ರಲ್ಲಿ. ಚರ್ಮ, ಮರದ ಅಲಂಕಾರ ಎಲ್ಲ ಆಮೇಲಿನ ಸೇರ್ಪಡೆ. 2008ರಲ್ಲಿ ನಮ್ಮ ಟಾಟಾ ಮೋಟರ್ಸ್ ಈ ಕಂಪನಿಯನ್ನೇ ಕೊಂಡುಕೊಂಡಿತು.

ಮೈ ನೋಯದ ಗುಟ್ಟು

ಹಳೇ ಜೀಪುಗಳಿಗೆ ಲಾರಿಯ ಹಾಗೆ ಪಟ್ಟಿ ಪಟ್ಟಿ ಸ್ಪ್ರಿಂಗ್ ಇರುತ್ತಿತ್ತು. ರೇಂಜ್ ರೋವರ್‌ಗೆ ಮೊದಲಿಂದಲೂ ಮೆತ್ತನೆಯ ಸುರುಳಿ ಸ್ಪ್ರಿಂಗ್ ಹಾಕಿದರು. ಚಕ್ರ ಹೊಂಡಕ್ಕಿಳಿದರೂ ಅದರ ಕುಲುಕು ಪೂರ್ತಿ ಒಳಗೆ ಬರುವುದಿಲ್ಲ. 1992ರಲ್ಲಿ ಸ್ಪ್ರಿಂಗ್ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲಗಳು ಬಂದವು. ಇವು ಕಲ್ಲುದಾರಿಯಲ್ಲಿ ಗಾಡಿಯನ್ನು ಎತ್ತರಿಸುತ್ತವೆ, ಹತ್ತುವಾಗ ಇಳಿಯುವಾಗ ತಗ್ಗಿಸುತ್ತವೆ. ಮಂಡಿನೋವಿನ ಅತ್ತೆಯವರನ್ನು ಕೈಹಿಡಿದು ಹತ್ತಿಸುವವರು ನಾವು ತಾನೇ? ಇದರ ಬೆಲೆ ನಮಗೇ ಚೆನ್ನಾಗಿ ಗೊತ್ತಾಗುವುದು.

ನಾನು ಮೊದಲ ಸಲ ಇಂಥ ಗಾಡಿ ಓಡಿಸಿದ್ದು ಸಕಲೇಶಪುರದ ಹತ್ತಿರ, ಅಣ್ಣನ ಕಾಫಿ ತೋಟದ ಮಣ್ಣುದಾರಿಯಲ್ಲಿ. ‘ಹೆದರಬೇಡ ಕಣೇ, ಗಾಡಿ ನಿನ್ನ ಮಾತು ಕೇಳುತ್ತೆ’ ಅಂತ ಅಣ್ಣ ಕೀ ಕೊಟ್ಟ. ಎದೆ ಡವಡವ. ಆದರೆ ಎತ್ತರದ ಸೀಟಿನಲ್ಲಿ ಕೂತ ಮೇಲೆ ದಾರಿಯ ತಿರುವು, ಚರಂಡಿ, ಅಡ್ಡ ಬಂದ ಕರು ಎಲ್ಲ ದೂರದಿಂದಲೇ ಕಂಡವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದರಿಂದ ಕೆಸರಿನಲ್ಲಿ ಒಂದು ಚಕ್ರ ಜಾರಿದರೂ ಉಳಿದವು ಎಳೆದವು. ಜಾರುವ ಇಳಿಜಾರಿನಲ್ಲಿ ಗಾಡಿ ತಾನೇ ಬ್ರೇಕ್ ಹಿಡಿದು ಮೆಲ್ಲಗೆ ಇಳಿಸಿತು. ಕೆಳಗೆ ಬಂದು ನಿಲ್ಲಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ!

ಪವರ್ ಸ್ಟಿಯರಿಂಗ್, ಆಟೊಮ್ಯಾಟಿಕ್ ಗೇರ್ ಇರುವಾಗ ಇದಕ್ಕೆ ತೋಳ್ಬಲ ಬೇಕಿಲ್ಲ. ಬೇಕಾದ್ದು ಅಭ್ಯಾಸ. ಕಾರಿನ ಲೈಸೆನ್ಸೇ ಇದಕ್ಕೂ ಸಾಕು.

ರಾಣಿಯೇ ಡ್ರೈವರ್!

ಹೆಣ್ಣಿಗೆ ದೊಡ್ಡ ಗಾಡಿ ಆಗದು ಅನ್ನುವವರಿಗೆ ಈ ಕಥೆ ಹೇಳಿ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ 1945ರಲ್ಲಿ, ಇನ್ನೂ ರಾಜಕುಮಾರಿಯಾಗಿದ್ದಾಗಲೇ, ಸೇನೆಯ ಮಹಿಳಾ ವಿಭಾಗ ಸೇರಿ ವಾಹನ ಚಾಲನೆ, ರಿಪೇರಿ ಕಲಿತವರು. 1998ರಲ್ಲಿ ಸೌದಿಯ ಯುವರಾಜ ಅಬ್ದುಲ್ಲಾ ಸ್ಕಾಟ್ಲೆಂಡಿನ ಬಾಲ್ಮೊರಲ್‌ಗೆ ಬಂದಿದ್ದರು. ಎಸ್ಟೇಟ್ ತೋರಿಸಲು ಲ್ಯಾಂಡ್ ರೋವರ್ ಹತ್ತಿಸಿದಾಗ ಡ್ರೈವರ್ ಸೀಟಿಗೆ ರಾಣಿಯೇ ಬಂದು ಕೂತರು. ಆಗ ಸೌದಿಯಲ್ಲಿ ಹೆಂಗಸರು ಕಾರು ಓಡಿಸುವಂತೆಯೇ ಇರಲಿಲ್ಲ. ರಾಣಿ ಮಾತಾಡುತ್ತಾ ಕಿರಿದಾದ ದಾರಿಯಲ್ಲಿ ಜೋರಾಗಿ ಓಡಿಸಿದರಂತೆ. ‘ಸ್ವಲ್ಪ ನಿಧಾನ, ರಸ್ತೆ ನೋಡಿ’ ಅಂತ ಯುವರಾಜರು ದುಭಾಷಿಯ ಮೂಲಕ ಬೇಡಿಕೊಂಡರಂತೆ! ಬ್ರಿಟನ್ನಿನ ರಾಯಭಾರಿಯಾಗಿದ್ದ ಶೆರಾರ್ಡ್ ಕೂಪರ್-ಕೋಲ್ಸ್ ಹೇಳಿದ ಪ್ರಸಂಗ ಇದು. ಸೌದಿಯಲ್ಲಿ ಆ ನಿಷೇಧ ತೆರವಾದದ್ದು 2018ರಲ್ಲಿ. ನಮಗಂತೂ ಅಂಥ ಕಾನೂನೇ ಇಲ್ಲ. ಮತ್ಯಾಕೆ ಹಿಂಜರಿಕೆ?

ಇದಿಷ್ಟು ಗಮನದಲ್ಲಿರಲಿ

* ಗಾಡಿ ಕೊಳ್ಳುವ ಮುನ್ನ ಶೋರೂಮಿನಲ್ಲಿ ಡ್ರೈವರ್ ಸೀಟಿನಲ್ಲಿ ನೀವೂ ಕೂತು ನೋಡಿ. ಕಾಲು ಬ್ರೇಕಿಗೆ ಸರಿಯಾಗಿ ಎಟುಕಬೇಕು. ಟೆಸ್ಟ್ ಡ್ರೈವ್ ಅವರಿಗಷ್ಟೇ ಅಲ್ಲ, ನಿಮಗೂ ಕೊಡಲು ಹೇಳಿ.

* ಇಬ್ಬರು ಓಡಿಸುವ ಮನೆಗೆ, ಪ್ರತಿಯೊಬ್ಬರ ಸೀಟಿನ ಎತ್ತರ ನೆನಪಿಟ್ಟುಕೊಳ್ಳುವ ಬಟನ್ ಇದ್ದರೆ ಒಳ್ಳೆಯದು.

* ಎತ್ತರದ ಗಾಡಿಯ ಹಿಂದೆ, ಮುಂದೆ ನಿಂತ ಪುಟ್ಟ ಮಕ್ಕಳು ಕಾಣುವುದಿಲ್ಲ. ಕ್ಯಾಮೆರಾ ಇದ್ದರೂ ಒಮ್ಮೆ ಸುತ್ತ ಬಂದು ನೋಡಿಯೇ ರಿವರ್ಸ್ ತೆಗೆಯಿರಿ.

* ನಾಲ್ಕು ಚಕ್ರದ ಬಲ ಗಾಡಿ ಮುಂದೆ ಹೋಗಲು ಮಾತ್ರ. ಬ್ರೇಕ್ ಹಾಕಿದಾಗ ಬೇಗ ನಿಲ್ಲಲು ಅದು ನೆರವಾಗದು. ಎರಡು ಟನ್ನಿಗೂ ಹೆಚ್ಚು ತೂಕ, ಮಳೆಯಲ್ಲಿ ಅಂತರ ಕಾಯ್ದುಕೊಳ್ಳಿ.

* ‘ದೊಡ್ಡ ಗಾಡಿ, ನೀರಿಗೆ ಇಳಿದರೇನಂತೆ’ ಅನ್ನಬೇಡಿ. 2023ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆಳ ತಿಳಿಯದ ನೀರು ಕಂಡರೆ ಹಿಂದಿರುಗಿ.

ಭಾನುವಾರ ಬೆಳಿಗ್ಗೆ ಆರಕ್ಕೆ ರಸ್ತೆ ಖಾಲಿ ಇರುತ್ತದೆ. ಕಾಫಿ ಕುಡಿದು ಯಜಮಾನರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಡಿ. ಮೊದಲ ದಿನ ಬಡಾವಣೆಯ ಒಂದು ಸುತ್ತು, ಮುಂದಿನ ವಾರ ರಿಂಗ್ ರೋಡ್. ನಾಳೆ ನಡುರಾತ್ರಿ ಮನೆಯಲ್ಲಿ ಯಾರಿಗೋ ಎದೆನೋವು ಬಂದರೆ, ಬಾಗಿಲ ಮುಂದೆ ನಿಂತ ಗಾಡಿಯನ್ನು ನೋಡುತ್ತಾ ಆಟೊಗೆ ಕಾಯುವ ಹಾಗಾಗಬಾರದು, ಅಲ್ವಾ?

ಕೇಳಿ ನೋಡಿ. ಕೀ ಕೈಗೆ ಬಂದರೆ, ಆ ಎತ್ತರದ ಸೀಟಿನಿಂದ ನಿಮ್ಮ ಬೀದಿ ಹೇಗೆ ಕಾಣುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.