ಬಾಣವು ಬಂಡಿಯಾಗಬೇಕು

ರಾಕೆಟ್ಟಿನ ಮಾತು ಬಂದೊಡನೆ ಕಲಾ ವಿಭಾಗದವರಾದ ನಾವು "ಅದು ವಿಜ್ಞಾನದವರ ಸೊತ್ತು" ಎಂದು ದೂರ ಸರಿಯುವುದು ವಾಡಿಕೆಯಾಗಿದೆ. ಈ ಸಂಕೋಚವು ಸಲ್ಲದು. ರಾಕೆಟ್ಟು ಹಾರುವುದು ಗಣಿತ ರಸಾಯನಗಳ ಬಲದಿಂದಲೇ ಆದರೂ ಅದಕ್ಕೆ ತಗಲುವ ಹಣವು ಜನರದು. ಬೇಕಾಗುವ ನೆಲವು ಯಾವುದೋ ಊರಿನವರದು. ಬರುವ ಫಲವು ಎಲ್ಲರದು. ಹಣ, ನೆಲ, ಫಲ, ಈ ಮೂರರ ಲೆಕ್ಕವು ಅರ್ಥಶಾಸ್ತ್ರ ಇತಿಹಾಸಗಳನ್ನು ಓದುವವರಿಗೆ ಹೊರಗಿನದೇನೂ ಅಲ್ಲ. ಆದುದರಿಂದ, ಒಮ್ಮೆ ಹಾರಿದ ರಾಕೆಟ್ಟನ್ನು ಮರಳಿ ಇಳಿಸಿಕೊಂಡು ಮತ್ತೆ ಹಾರಿಸುವ ಪ್ರಯತ್ನದ ಬಗೆಗೆ ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕನ್ನಡ ನಾಡಿಗೆ ರಾಕೆಟ್ಟು ಹೊಸತಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ಬಾಣಗಳು ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ಸೈನ್ಯದಲ್ಲಿದ್ದವು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರು ಅವುಗಳ ರುಚಿಯನ್ನುಂಡರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಆ ಬಾಣಗಳು ಇಂಗ್ಲೆಂಡಿಗೆ ಹೋಗಿ, ಕಾಂಗ್ರೀವ್ ಎಂಬಾತನ ರಾಕೆಟ್ಟುಗಳಿಗೆ ಪ್ರೇರಣೆಯಾದವು. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಇಂಥ ಬಾಣಗಳು ಸಾವಿರದ ಲೆಕ್ಕದಲ್ಲಿ ದೊರೆತುದನ್ನು ಹಲವರು ಓದಿರಬಹುದು. ಬಾಣವೆಂದ ಮೇಲೆ ಬಿಟ್ಟುದು ಮರಳಬೇಕಾಗಿಲ್ಲ. ಶತ್ರುವಿನ ಮೇಲೆ ಬಿದ್ದರೆ ಅದರ ಜನ್ಮ ಸಾರ್ಥಕ.

ಆದರೆ ಉಪಗ್ರಹವನ್ನು ಹೊತ್ತೊಯ್ಯುವ ಇಂದಿನ ರಾಕೆಟ್ಟು ಮಾಡುವುದು ಯುದ್ಧವನ್ನಲ್ಲ, ಸಾಗಾಣಿಕೆಯನ್ನು. ಕೆಲಸವು ಬಂಡಿಯದು, ಗುಣವು ಮಾತ್ರ ಇನ್ನೂ ಬಾಣದ್ದೇ! ನಮ್ಮ ಪಿ.ಎಸ್.ಎಲ್.ವಿ.ಯು ನೆಲ ಬಿಡುವಾಗ 320 ಟನ್ನು ತೂಗುತ್ತದೆ. ಸೂರ್ಯಾನುಗುಣ ಕಕ್ಷೆಗೆ ಅದು ಮುಟ್ಟಿಸುವುದು ಒಂದೂಮುಕ್ಕಾಲು ಟನ್ನಿನಷ್ಟು. ಉಳಿದುದರಲ್ಲಿ ಬಹುಭಾಗ ಇಂಧನವಾಗಿ ಉರಿದುಹೋಗುತ್ತದೆ. ವರ್ಷಗಟ್ಟಲೆ ದುಡಿದು ಮಾಡಿದ ಕೆಳಗಿನ ಹಂತಗಳು ಸಮುದ್ರದ ಪಾಲಾಗುತ್ತವೆ. ಅರಸೀಕೆರೆ ಜಂಕ್ಷನ್ನಿನಿಂದ ಹೊರಟ ರೈಲಿನ ಎಂಜಿನ್ನನ್ನು ಬೆಂಗಳೂರು ಮುಟ್ಟಿದೊಡನೆ ಗುಜರಿಗೆ ಹಾಕುವುದಾದರೆ ಟಿಕೆಟ್ಟಿನ ಬೆಲೆ ಎಷ್ಟಾದೀತು?

ಈ ದಂಡವನ್ನು ತಪ್ಪಿಸಬಹುದೆಂಬುದು ಈಗ ಬರಿಯ ಕನಸಲ್ಲ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆಯು ತನ್ನ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತವನ್ನು ನೆಟ್ಟಗೆ ನೆಲಕ್ಕಿಳಿಸಿತು. 2017ರ ಮಾರ್ಚಿನಲ್ಲಿ, ಹಿಂದೆ ಹಾರಿ ಬಂದಿದ್ದ ಹಂತವೊಂದನ್ನು ಮತ್ತೊಮ್ಮೆ ಹಾರಿಸಿತು. ಈಗ ಇಪ್ಪತ್ತಕ್ಕೂ ಹೆಚ್ಚು ಸಲ ಹಾರಿದ ಹಂತಗಳಿವೆ. ಮೇಲಿನ ಹಂತವು ಬೇರ್ಪಟ್ಟ ಬಳಿಕ ಕೆಳಗಿನದು ಮಗುಚಿ, ಎಂಜಿನ್ನನ್ನು ಮರಳಿ ಹೊತ್ತಿಸಿ ವೇಗವನ್ನು ತಗ್ಗಿಸುತ್ತದೆ. ಕಡೆಯಲ್ಲಿ ಕಾಲು ಚಾಚಿ ನಿಲ್ಲುತ್ತದೆ. ಇದಕ್ಕಾಗಿ ಒಂದಿಷ್ಟು ಇಂಧನವನ್ನು ಉಳಿಸಿಕೊಳ್ಳಬೇಕು. ಅಷ್ಟರಮಟ್ಟಿಗೆ ಹೊರುವ ಹೊರೆ ಕಡಿಮೆಯಾಗುತ್ತದೆ. ಮರಳಿ ಬರುವುದೂ ಪುಕ್ಕಟೆಯಲ್ಲ.

ನಮ್ಮವರು ಹಿಡಿದ ಒಂದು ಹಾದಿ ರೆಕ್ಕೆಯದು. 2016ರ ಮೇ 23ರಂದು ಶ್ರೀಹರಿಕೋಟೆಯಿಂದ ಹಾರಿದ ರೆಕ್ಕೆಯುಳ್ಳ ವಾಹನವು 65 ಕಿಲೋಮೀಟರು ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾತಾವರಣವನ್ನು ಹೊಕ್ಕು, ಬಂಗಾಳ ಕೊಲ್ಲಿಯ ಮೇಲೆ ಗೊತ್ತುಪಡಿಸಿದ್ದ ತಾಣಕ್ಕೆ ಇಳಿಯಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ನಮ್ಮ ಹಾಸನ ಜಿಲ್ಲೆಯವರೇ ಆದ ಎ. ಎಸ್. ಕಿರಣ್ ಕುಮಾರ್ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮುಂದಿನ ಪರೀಕ್ಷೆಗಳು ನಡೆದುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23, ಹೀಗೆ ಮೂರು ಸಲ ವಾಯುಪಡೆಯ ಹೆಲಿಕಾಪ್ಟರು ಈ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಕೊಂಡೊಯ್ದು ಬಿಟ್ಟಿತು. ಚಾಲಕನಿಲ್ಲದ 'ಪುಷ್ಪಕ'ವು ತಾನೇ ದಾರಿಯನ್ನು ತಿದ್ದಿಕೊಂಡು ಓಡುಪಥಕ್ಕಿಳಿಯಿತು. ಕಡೆಯ ಸಲ ಬೇಕೆಂತಲೇ ಅದನ್ನು ಓಡುಪಥದ ನೇರದಿಂದ 500 ಮೀಟರು ಪಕ್ಕಕ್ಕೆ ಬಿಟ್ಟಿದ್ದರು. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿದ ವಾಹನವನ್ನು ಬಾಲದ ಪ್ಯಾರಾಚೂಟು ನೂರರ ಸುಮಾರಿಗೆ ತಂದಿತು. ಎರಡನೆಯ ಸಲ ಇಳಿದ ಶರೀರವನ್ನೇ ಮೂರನೆಯ ಸಲವೂ ಬಳಸಿದುದು ಇಲ್ಲಿ ಗಮನಿಸಬೇಕಾದ ಅಂಶ. ಪುಷ್ಪಕವು ಇನ್ನೂ ಕಲಿಕೆಯ ವಾಹನ, ನಿಜ. ಆದರೆ ಕಲಿಯದೆ ಬಂಡಿ ಹೊಡೆದವರುಂಟೆ?

ಇಷ್ಟು ಹೇಳಿದ ಮೇಲೆ ಉತ್ಸಾಹಿಗಳಿಗೆ ಎರಡು ಎಚ್ಚರದ ಮಾತುಗಳನ್ನು ಹೇಳದಿರಲಾರೆ.

ಮೊದಲನೆಯದು ಹಣದ ಮಾತು. ನಮ್ಮ ಊರುಗಳಲ್ಲಿ ನಿತ್ಯದ ಊಟಕ್ಕೆ ತಟ್ಟೆ, ಮದುವೆಯ ಊಟಕ್ಕೆ ಎಲೆ. ದಿನವೂ ಉಣ್ಣುವವನಿಗೆ ತಟ್ಟೆ ಲಾಭ; ವರುಷಕ್ಕೊಮ್ಮೆ ಉಣಬಡಿಸುವವನಿಗೆ ಎಲೆಯೇ ಅಗ್ಗ. ತೊಳೆಯುವ ಕೂಲಿಯು ಹೆಚ್ಚಾದರೆ ತಟ್ಟೆಯೂ ದುಬಾರಿಯೇ. ಅಮೆರಿಕದ ಷಟಲ್ ವಾಹನಗಳ ಕಥೆಯು ಇದಕ್ಕೆ ಸಾಕ್ಷಿ. 1981ರಿಂದ 2011ರವರೆಗೆ ಅವು 135 ಸಲ ಹಾರಿದವು. ಅಗ್ಗದ ಯಾತ್ರೆಯೆಂದು ಆರಂಭವಾದ ಆ ಯೋಜನೆಯಲ್ಲಿ, ಪ್ರತಿ ಯಾತ್ರೆಯ ಬಳಿಕ ಸಾವಿರಾರು ಉಷ್ಣರಕ್ಷಕ ಬಿಲ್ಲೆಗಳನ್ನು, ಎಂಜಿನ್ನುಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವುದೇ ಭಾರವಾಯಿತು. ಎರಡು ದುರಂತಗಳಲ್ಲಿ ಹದಿನಾಲ್ಕು ಜೀವಗಳು ಹೋದವು. ಅವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾರೂ ಒಬ್ಬರು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು, ಮರುಬಳಕೆಯ ಮೊದಲ ಹಂತವುಳ್ಳ ಹೊಸ ಪೀಳಿಗೆಯ ವಾಹನಕ್ಕೆ 8,240 ಕೋಟಿ ರೂಪಾಯಿಗಳನ್ನು ಒಪ್ಪಿತು. ಇದು ಸರಿಯಾದ ಹೆಜ್ಜೆ. ಆದರೆ ಹೊರಲು ಹೊರೆಯೂ, ಮೇಲಿಂದ ಮೇಲೆ ಹಾರಾಟವೂ ಇದ್ದರೆ ಮಾತ್ರ ಈ ತಟ್ಟೆಯು ಲಾಭ ತಂದೀತು. ವಾಹನವನ್ನು ಕಟ್ಟುವವರು ಬಾಡಿಗೆಯನ್ನೂ ಹುಡುಕಬೇಕು.

ಎರಡನೆಯದು ನೆಲದ ಮಾತು. ಪುಷ್ಪಕವು ಇಳಿದ ಚಳ್ಳಕೆರೆಯ ಬಯಲು ಅಮೃತಮಹಲ್ ಕಾವಲು. ಮೈಸೂರು ಸೈನ್ಯದ ಫಿರಂಗಿಗಳನ್ನೆಳೆದ ದನಗಳ ತಳಿಗೆ ಮೀಸಲಾದ ಹುಲ್ಲುಗಾವಲು ಅದು. ಬಾಣವನ್ನು ಬೆಳೆಸಿದ ಅರಸರೇ ಆ ತಳಿಯನ್ನೂ ಬೆಳೆಸಿದರೆಂಬುದನ್ನು ಮರೆಯಬಾರದು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕಿದ ಜನರ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗ, ವ್ಯಾಜ್ಯವು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಓಡುಪಥ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ವಾಹನವನ್ನು ಬಿಸಾಡಬಾರದೆಂದು ಅಷ್ಟು ಯೋಚಿಸುವವರು, ಆ ಕುರಿಗಾರರ ಬದುಕನ್ನು ಬಿಸಾಡಬಹುದೆ? ಮಿತವ್ಯಯವೆಂಬುದು ಲೋಹಕ್ಕೆ ಮಾತ್ರ ಸಲ್ಲುವ ಧರ್ಮವಲ್ಲ. ಓಡುಪಥಕ್ಕೆ ಬೇಡವಾದ ಹುಲ್ಲುಗಾವಲು ಮೇವಿಗೆ ತೆರೆದಿರಲಿ. ಆ ಊರುಗಳ ಮಕ್ಕಳಿಗೆ ಆ ಸಂಸ್ಥೆಗಳ ಬಾಗಿಲೂ ತೆರೆದಿರಲಿ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಲ್ಲಿ ಓದುವ ಬಹಳ ಮಂದಿಯ ಮನೆಯ ಕಥೆಯೂ ಇದೇ. ಆದ್ದರಿಂದ ಬಾಗಿಲು ತೆರೆದಿರುವುದೆಂದರೆ ಏನೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯ ಹಾಸನದಲ್ಲಿಯೇ 1982ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಅದರ ಕೆಲಸವನ್ನು ಬಲ್ಲೆವು? ಬೇಲೂರಿನ ಶಿಲ್ಪಿಗಳು ತಾವು ಕಂಡರಿಸಿದ ವಿಗ್ರಹಗಳ ಅಡಿಯಲ್ಲಿ ಹೆಸರನ್ನೂ ಊರನ್ನೂ ಕೆತ್ತಿದರು. ದಾಸೋಜನು ಬಳ್ಳಿಗಾವೆಯವನೆಂದು ಇಂದಿಗೂ ನಮಗೆ ಗೊತ್ತಿರುವುದು ಅದರಿಂದಲೇ. ಮುಂದೆ ಹೋಗಿ ಬರುವ ಬಂಡಿಯೊಂದು ಸಿದ್ಧವಾದಾಗ, ಅದನ್ನು ಮಾಡಿದವರ ಪಟ್ಟಿಯಲ್ಲಿ ಅರಸೀಕೆರೆಯ ತೆಂಗಿನ ತೋಟದವರ, ಚಳ್ಳಕೆರೆಯ ಕಾವಲಿನವರ ಮಕ್ಕಳ ಹೆಸರೂ ಇರಲಿ. ಅಂಥ ಬಂಡಿಗೆ ನಾವು ತೆತ್ತ ಹಣವು ವ್ಯರ್ಥವಾಯಿತೆಂದು ಆಗ ಯಾರೂ ಹೇಳಲಾರರು.